ಅದು, ಅವನು

ಬಿಬಿಸಿಯ ‘ಡ್ರಾಕುಲಾ’ ಸರಣಿಯ ಕೊನೆಯ ಕಂತಿನ ಕೊನೆಯ ಭಾಗದಲ್ಲಿ ವಿಜ್ಞಾನಿ ಜೊಯಿ ವ್ಯಾನ್ ಹೆಲ್ಸಿಂಗ್ ಓಡಿಹೋಗಿ ಕಿಟಕಿಯ ಪರದೆಯನ್ನು ಕಿತ್ತು ಕೆಡವುತ್ತಾಳೆ. ಶತಮಾನಗಳಿಂದ ಕತ್ತಲೆಯನ್ನೇ ಹಾಸಿ ಹೊದ್ದುಕೊಂಡಿದ್ದ ರಕ್ತಪಿಶಾಚಿ ಕೌಂಟ್ ಡ್ರಾಕುಲಾನ ಮೈಮೇಲೆ ಬಿಸಿಲು ಬೀಳುತ್ತದೆ. ಅವನು ಮುದುಡಿಕೊಳ್ಳುತ್ತಾನೆ, ಚೀರುತ್ತಾನೆ, ಆಮೇಲೆ ನಿಧಾನವಾಗಿ ಕಣ್ಣು ಬಿಟ್ಟರೆ ಏನೂ ಆಗಿರುವುದಿಲ್ಲ. ಬಿಸಿಲು ಅವನನ್ನು ಸುಡುತ್ತಲೇ ಇರಲಿಲ್ಲ. ಸುಡುತ್ತದೆಂದು ಅವನೇ ನಂಬಿಕೊಂಡಿದ್ದ. ಶಿಲುಬೆಯನ್ನು ಕಂಡರೆ ಹಿಂದೆ ಸರಿಯುವುದು, ಯಾರೂ ಕರೆಯದೆ ಹೊಸ್ತಿಲು ದಾಟದಿರುವುದು, ಕನ್ನಡಿಯಿಂದ ಮುಖ ತಿರುಗಿಸುವುದು, ಇವೆಲ್ಲದರ ಬೇರು ಒಂದೇ ಎಂದು ಅವಳು ಅವನಿಗೆ ತಿಳಿಸಿ ಹೇಳುತ್ತಾಳೆ. ಯುದ್ಧದಲ್ಲಿ ಮಡಿಯುವುದನ್ನೇ ಗೌರವವೆಂದು ಬಗೆದ ಯೋಧರ ಮನೆತನದಲ್ಲಿ ಹುಟ್ಟಿ, ಸಾಯಲು ಅಂಜಿ ಉಳಿದುಕೊಂಡವನ ನಾಚಿಕೆ ಅದು.

ಮಾರ್ಕ್ ಗೇಟಿಸ್ ಮತ್ತು ಸ್ಟೀವನ್ ಮಾಫಟ್ ಬರೆದ ಈ ಮೂರು ಕಂತುಗಳ ‘ಡ್ರಾಕುಲಾ’ 2020ರ ಜನವರಿಯ ಮೊದಲ ಮೂರು ರಾತ್ರಿ ಬಿಬಿಸಿಯಲ್ಲಿ ಪ್ರಸಾರವಾಗಿ, ನಾಲ್ಕನೆಯ ದಿನ ನೆಟ್‌ಫ್ಲಿಕ್ಸ್ ಮೂಲಕ ನಮ್ಮಲ್ಲಿಗೂ ಬಂತು. ನಾನೂ ಅದನ್ನು ಮೂರು ರಾತ್ರಿಗಳಲ್ಲಿ ನೋಡಿದೆ. ಒಂದೊಂದು ಕಂತೂ ಸುಮಾರು ಒಂದೂವರೆ ಗಂಟೆಯದು. ಮೂರನೆಯ ರಾತ್ರಿ ದೀಪ ಆರಿಸಿ ಮಲಗಿದಾಗ ಆ ಬಿಡಿಸಿದ ಒಗಟನ್ನು ಮೆಚ್ಚಿಕೊಳ್ಳುತ್ತಲೇ ಇದ್ದೆ. ಆದರೆ ಮನೆಯ ಕತ್ತಲೆ ಬರಿಯ ಕತ್ತಲೆಯಾಗಿತ್ತು. ಮೊದಲ ರಾತ್ರಿ ಅಡುಗೆಮನೆಗೆ ನೀರು ಕುಡಿಯಲು ಹೋಗುವಾಗ ಬೆನ್ನ ಹಿಂದೆ ಇದ್ದದ್ದು ಮೂರನೆಯ ರಾತ್ರಿ ಇರಲಿಲ್ಲ. ಅದು ಎಲ್ಲಿ ಹೋಯಿತು, ಯಾವ ದೃಶ್ಯದಲ್ಲಿ ಎದ್ದು ಹೋಯಿತು ಎಂಬ ಪ್ರಶ್ನೆ ಇಷ್ಟು ವರ್ಷಗಳಾದರೂ ನನ್ನನ್ನು ಬಿಟ್ಟಿಲ್ಲ. ಇದರ ನಡುವೆ ಸರಣಿಯನ್ನು ಇನ್ನೆರಡು ಸಲ ನೋಡಿದ್ದೇನೆ, ಅದರ ಮೂಲವಾದ ಬ್ರಾಮ್ ಸ್ಟೋಕರನ ಕಾದಂಬರಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದ್ದೇನೆ. ಈಗ ನನಗೆ ಹೊಳೆದಿರುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಬಿಸಿಲಿನ ವಿಷಯವನ್ನು ಮೊದಲೇ ಹೇಳಿಬಿಡಬೇಕು. 1897ರ ಕಾದಂಬರಿಯಲ್ಲಿ ಬಿಸಿಲು ಡ್ರಾಕುಲಾನನ್ನು ಕೊಲ್ಲುವುದಿಲ್ಲ. ಅವನು ಹಾಡಹಗಲಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿ ನಿಂತಿರುವುದನ್ನು, ಅವನ ಕೋಟೆಗೆ ಹೋಗಿ ಬಂದ ವಕೀಲ ಜೊನಾಥನ್ ಹಾರ್ಕರ್ ನೋಡುತ್ತಾನೆ. ಹಗಲಿನಲ್ಲಿ ಅವನ ಶಕ್ತಿ ಕುಂದುತ್ತದೆ, ಅಷ್ಟೇ. ಬೆಳಗಿನ ಬೆಳಕಿಗೆ ರಕ್ತಪಿಶಾಚಿ ಕರಗಿಹೋಗುವ ನಿಯಮ ಹುಟ್ಟಿದ್ದು 1922ರಲ್ಲಿ, ಮುರ್ನಾವ್ ಜರ್ಮನಿಯಲ್ಲಿ ತೆಗೆದ ‘ನೊಸ್ಫೆರಾಟು’ ಮೂಕಿಚಿತ್ರದಲ್ಲಿ. ಹಾಗಾಗಿ ಸರಣಿ ಅಷ್ಟು ಶ್ರಮಪಟ್ಟು ತೆರೆಯುವ ಬೀಗವನ್ನು ಸ್ಟೋಕರ್ ಹಾಕಿಯೇ ಇರಲಿಲ್ಲ. ಇದು ದೊಡ್ಡ ಆಕ್ಷೇಪವಲ್ಲ, ಒಂದು ಕತೆ ನೂರು ವರ್ಷ ಬಾಯಿಂದ ಬಾಯಿಗೆ ಸಾಗಿದರೆ ಹೊಸ ನಿಯಮಗಳು ಅಂಟಿಕೊಳ್ಳುತ್ತವೆ, ಅವುಗಳಿಗೂ ಉತ್ತರ ಹೇಳಬೇಕಾಗುತ್ತದೆ. ನನ್ನ ತೊಡಕು ಇರುವುದು ಬೇರೆ ಕಡೆ.

ಹಡಗಿನ ದಿನಚರಿ

ನಾನು ಕಾದಂಬರಿಯನ್ನು ಮೊದಲು ಓದಿದ್ದು ಪದವಿಯ ಎರಡನೆಯ ವರ್ಷದಲ್ಲಿ, ಹಾಸ್ಟೆಲಿನಲ್ಲಿ. ಗ್ರಂಥಾಲಯದ ಪ್ರತಿಗೆ ರಟ್ಟು ಇರಲಿಲ್ಲ, ಯಾರೋ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಅಂಟಿಸಿದ್ದರು. ನನ್ನ ಇಂಗ್ಲಿಷ್ ಆಗ ಇನ್ನೂ ತಡವರಿಸುತ್ತಿತ್ತು. ಅರ್ಥವಾಗದ ಸಾಲುಗಳನ್ನು ದಾಟಿಕೊಂಡು ಕತೆಯ ಬೆನ್ನು ಹಿಡಿದು ಓಡುತ್ತಿದ್ದೆ. ಏಳನೆಯ ಅಧ್ಯಾಯಕ್ಕೆ ಬಂದ ಸಂಜೆ ಮಳೆ ಹಿಡಿದು ಕರೆಂಟು ಹೋಯಿತು. ಜೊತೆಯವರು ಊರಿಗೆ ಹೋಗಿದ್ದರು. ಮೇಣದ ಬತ್ತಿಯನ್ನು ಸ್ಟೀಲ್ ಲೋಟದ ಬೆನ್ನ ಮೇಲೆ ನಿಲ್ಲಿಸಿಕೊಂಡು, ಹಡಗು ದಡಕ್ಕೆ ಬರುವ ಮುಂಚೆ ಏನಾಯಿತು ಎಂದು ತಿಳಿಯುವ ಆತುರದಲ್ಲಿ ಓದನ್ನು ನಿಲ್ಲಿಸಲಿಲ್ಲ.

ಬಲ್ಗೇರಿಯದ ವಾರ್ನಾದಿಂದ ಇಂಗ್ಲೆಂಡಿನ ವಿಟ್‌ಬಿಗೆ ಡ್ರಾಕುಲಾನನ್ನು ಹೊತ್ತು ಹೊರಟ ‘ಡಿಮೀಟರ್’ ಹಡಗಿನಲ್ಲಿ ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ನಮಗೆ ಇದು ಗೊತ್ತಾಗುವುದು ಕಪ್ತಾನನ ದಿನಚರಿಯಿಂದ. ಸತ್ತ ಅವನ ಕೈಗಳು ಚುಕ್ಕಾಣಿಗೆ ಬಿಗಿದಿವೆ, ಕೆಲವು ಹಾಳೆಗಳು ಅವನ ಜೇಬಿನ ಶೀಶೆಯೊಳಗಿವೆ. ಅವನು ರಷ್ಯನ್ ಭಾಷೆಯಲ್ಲಿ ಬರೆದದ್ದನ್ನು ರಷ್ಯನ್ ಕಾನ್ಸಲ್ ಕಚೇರಿಯ ಗುಮಾಸ್ತ ಓದಿ ಹೇಳುತ್ತಾನೆ, ಪತ್ರಿಕೆಯ ವರದಿಗಾರ ಬರೆದುಕೊಳ್ಳುತ್ತಾನೆ, ಆ ಪತ್ರಿಕೆಯ ತುಣುಕನ್ನು ಹಾರ್ಕರನನ್ನು ಮದುವೆಯಾಗಲಿರುವ ಮೀನಾ ತನ್ನ ದಿನಚರಿಗೆ ಅಂಟಿಸುತ್ತಾಳೆ. ಇಷ್ಟು ಕೈಗಳನ್ನು ದಾಟಿ ಬಂದ ಮೇಲೂ ಆ ಬರಹ ನಡುಗುತ್ತಿರುತ್ತದೆ. ಮೊದಲ ನಮೂದುಗಳು ಒಣಒಣ: ಗಾಳಿ ಹೀಗಿತ್ತು, ಒಬ್ಬ ನಾವಿಕ ಕಾಣುತ್ತಿಲ್ಲ, ಜನ ಅಸಮಾಧಾನದಿಂದಿದ್ದಾರೆ. ಬರುಬರುತ್ತ ವಾಕ್ಯಗಳು ತುಂಡಾಗುತ್ತವೆ. ಆಗಸ್ಟ್ 4ರ ಕೊನೆಯ ನಮೂದಿನಲ್ಲಿ ತಾನು ಕತ್ತಲಲ್ಲಿ ಕಂಡದ್ದನ್ನು ಬರೆಯಲು ಹೊರಟ ಕಪ್ತಾನ ಒಂದು ಸರ್ವನಾಮದ ಬಳಿ ಮುಗ್ಗರಿಸುತ್ತಾನೆ. ‘ಅದನ್ನು’ ಎಂದು ಬರೆದು, ಕೂಡಲೇ ‘ಅವನನ್ನು’ ಎಂದು ತಿದ್ದುತ್ತಾನೆ. ಕೆಲವೇ ಸಾಲುಗಳ ಬಳಿಕ, ಶಿಲುಬೆಯನ್ನು ಕೈಗೆ ಕಟ್ಟಿಕೊಳ್ಳುತ್ತೇನೆಂದು ಹೇಳುವಾಗ ತಿದ್ದುಪಡಿ ತಿರುಗುಮುರುಗಾಗುತ್ತದೆ: ಮೊದಲು ‘ಅವನು’, ಆಮೇಲೆ ‘ಅದು’.

ಆ ಎರಡು ಸರ್ವನಾಮಗಳ ನಡುವಿನ ಗೆರೆಯನ್ನು ಬತ್ತಿಯ ಬೆಳಕಿನಲ್ಲಿ ನೋಡುತ್ತ ಕುಳಿತದ್ದು ನನಗೆ ಇನ್ನೂ ನೆನಪಿದೆ. ಇಂಗ್ಲಿಷಿನಲ್ಲಿ ನನಗೆ ಅಷ್ಟುದ್ದದ ಪುಸ್ತಕವೆಲ್ಲ ಪರಕೀಯವಾಗಿತ್ತು, ಆ ಒಂದು ಜಾಗ ಮಾತ್ರ ಮನೆಯ ಮಾತಿನಂತೆ ಕೇಳಿಸಿತು. ಏಕೆಂದರೆ ನಮ್ಮಲ್ಲಿ ರಾತ್ರಿ ಹೊತ್ತು ಹಿರಿಯರು ಅಂಥದರ ಹೆಸರು ಹೇಳುವುದಿಲ್ಲ. ‘ಅದು ಬಂದಿತ್ತು’, ‘ಅದರ ಕಾಟ’, ‘ಅದಕ್ಕೆ ಏನೋ ಕೊಟ್ಟು ಕಳಿಸಿದರು’ ಎನ್ನುತ್ತಾರೆ. ಅವನು ಎಂದೊಡನೆ ಅವನಿಗೊಂದು ಊರು, ತಾಯಿ, ಹಟ, ಹಸಿವು ಎಲ್ಲ ಬಂದುಬಿಡುತ್ತದೆ. ಮಾತನಾಡಿಸಬಹುದು, ಬೈಯಬಹುದು, ಒಪ್ಪಂದ ಮಾಡಿಕೊಳ್ಳಬಹುದು. ಅದು ಎಂದಾಗ ಇವು ಯಾವುವೂ ನಡೆಯುವುದಿಲ್ಲ.

ಸ್ಟೋಕರ್ ಇಡೀ ಕಾದಂಬರಿಯನ್ನು ಈ ಅನುಮಾನದ ಮೇಲೆಯೇ ಕಟ್ಟಿದ್ದಾನೆ ಎಂದು ನನಗೆ ಈಗ ಅನಿಸುತ್ತದೆ. ಅದರಲ್ಲಿ ಎಲ್ಲರೂ ಬರೆಯುತ್ತಾರೆ. ಹಾರ್ಕರ್ ಶೀಘ್ರಲಿಪಿಯಲ್ಲಿ, ಡಾಕ್ಟರ್ ಸೀವರ್ಡ್ ಫೋನೊಗ್ರಾಫಿನ ಮೇಣದ ಉರುಳೆಗಳ ಮೇಲೆ, ಮೀನಾಳ ಗೆಳತಿ ಲೂಸಿ ಕಾಗದಗಳಲ್ಲಿ. ಮೀನಾ ಇವೆಲ್ಲವನ್ನೂ ಟೈಪ್ ಮಾಡಿ, ತಾರೀಖಿನ ಪ್ರಕಾರ ಜೋಡಿಸಿ, ಮೂರು ಪ್ರತಿ ತೆಗೆಯುತ್ತಾಳೆ. ಡ್ರಾಕುಲಾನಿಗೆ ದಿನಚರಿಯಿಲ್ಲ. ಅವನ ಮಾತುಗಳು ನಮಗೆ ಸಿಗುವುದು ಬೇರೆಯವರು ಬರೆದಿಟ್ಟ ಮಟ್ಟಿಗೆ ಮಾತ್ರ, ಅದೂ ಮೊದಲ ನಾಲ್ಕು ಅಧ್ಯಾಯಗಳು ಕಳೆದ ಮೇಲೆ ತೀರಾ ವಿರಳವಾಗಿ. ನಮಗೆ ಕಾಣುವುದೆಲ್ಲ ಅವನು ಬಂದು ಹೋದ ಗುರುತುಗಳು: ಕುತ್ತಿಗೆಯ ಮೇಲೆ ಎರಡು ಚುಕ್ಕೆ, ಕಿಟಕಿಗೆ ರೆಕ್ಕೆ ಬಡಿದ ಸದ್ದು, ತೆರೆದು ಬಿದ್ದ ಬಾಗಿಲು. ಅವನು ಸೀವರ್ಡನ ಮನೆಗೆ ನುಗ್ಗಿದ ರಾತ್ರಿ ಒಲೆಗೆ ಹಾಕುವುದು ಆ ಕಾಗದಗಳನ್ನೂ ಮೇಣದ ಉರುಳೆಗಳನ್ನೂ. ಇನ್ನೊಂದು ಪ್ರತಿ ತಿಜೋರಿಯಲ್ಲಿ ಇದ್ದದ್ದರಿಂದ ಕತೆ ಉಳಿಯುತ್ತದೆ.

ಕಬ್ಬಿಣದ ಗೇಟು ಮತ್ತು ಮರದ ಬಾಗಿಲು

ಮೊದಲ ಕಂತಿನ ಬರಹಗಾರರು ಇದನ್ನು ಚೆನ್ನಾಗಿ ಬಲ್ಲರು. ಕೋಟೆಯಿಂದ ತಪ್ಪಿಸಿಕೊಂಡ ಹಾರ್ಕರ್ ಹಂಗೇರಿಯ ಒಂದು ಕಾನ್ವೆಂಟಿನಲ್ಲಿ ಕುಳಿತಿದ್ದಾನೆ. ಮುಖದ ಮೇಲೆ ನೊಣ ಹರಿದಾಡುತ್ತಿದೆ, ಅವನಿಗೆ ಪರಿವೆಯಿಲ್ಲ. ಎದುರಿಗೆ ಸಿಸ್ಟರ್ ಅಗಾಥಾ, ಅವಳ ಮುಂದೆ ಅವನೇ ಬರೆದ ಹೇಳಿಕೆ. ನೀನು ಬರೆಯದೆ ಬಿಟ್ಟದ್ದೇನು ಎಂದು ಅವಳು ಮತ್ತೆ ಮತ್ತೆ ಕೆದಕುತ್ತಾಳೆ. ಬರಹ, ಅದರಲ್ಲಿ ಬಿಟ್ಟುಹೋದದ್ದು, ಅದನ್ನು ಓದುವವಳ ಅನುಮಾನ, ಈ ಮೂರೂ ಕೂಡಿರುವುದರಿಂದ ಆ ದೃಶ್ಯ ಕಾದಂಬರಿಯ ಸ್ವಭಾವಕ್ಕೆ ಹತ್ತಿರವಾಗಿದೆ. ಡಾಲಿ ವೆಲ್ಸ್ ಮಾಡಿರುವ ಅಗಾಥಾ ನನಗೆ ಇಡೀ ಸರಣಿಯಲ್ಲೇ ಅಚ್ಚುಮೆಚ್ಚಿನ ಪಾತ್ರ. ಕಾದಂಬರಿಯಲ್ಲಿ ಅಗಾಥಾ ಒಂದು ಕಾಗದ ಬರೆದು ಮರೆಯಾಗುವ ದಾದಿ ಸನ್ಯಾಸಿನಿ ಮಾತ್ರ. ಇಲ್ಲಿ ಅವಳಿಗೆ, ಕಾದಂಬರಿಯಲ್ಲಿ ಡ್ರಾಕುಲಾನನ್ನು ಬೇಟೆಯಾಡುವ ಪ್ರೊಫೆಸರ್ ವ್ಯಾನ್ ಹೆಲ್ಸಿಂಗನ ಬುದ್ಧಿಯನ್ನೂ ಹೆಸರನ್ನೂ ಕೊಟ್ಟಿದ್ದಾರೆ, ದೇವರ ವಿಷಯದಲ್ಲಿ ತನ್ನದೇ ಆದ ಸಂಶಯವನ್ನೂ ಕೊಟ್ಟಿದ್ದಾರೆ.

ರಾತ್ರಿ ಕಾನ್ವೆಂಟಿನ ಗೇಟಿಗೆ ತೋಳವೊಂದು ಬರುತ್ತದೆ, ತೋಳದ ಮೈ ಸೀಳಿಕೊಂಡು ಡ್ರಾಕುಲಾ ಎದ್ದು ನಿಲ್ಲುತ್ತಾನೆ. ಕಬ್ಬಿಣದ ಸರಳುಗಳ ಈಚೆ ನಿಂತ ಅಗಾಥಾ ತನ್ನ ರಕ್ತವನ್ನು ತೋರಿಸಿ ಅವನನ್ನು ಕೆಣಕುತ್ತಾಳೆ. ಒಳಗೆ ಬಾ ಎಂದು ಯಾರೂ ಹೇಳಿಲ್ಲ, ಆದ್ದರಿಂದ ಅವನು ಬರಲಾರ. ಏಕೆ ಬರಲಾರೆ? ಅವಳಿಗೆ ಇದು ತಿಳಿಯಲೇಬೇಕು. ಆ ಕಂತಿನ ಹೆಸರೇ ‘ಮೃಗದ ನಿಯಮಗಳು’ ಎಂಬ ಅರ್ಥದ್ದು.

ಈ ದೃಶ್ಯವನ್ನು ನೋಡುತ್ತಿದ್ದಾಗ ನನ್ನ ಕಣ್ಣೆದುರು ಬಂದದ್ದು ಅಜ್ಜಿಯ ಊರಿನ ಮರದ ಬಾಗಿಲು. ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಆ ಬೀದಿಯ ಎಲ್ಲ ಬಾಗಿಲುಗಳ ಮೇಲೂ ‘ನಾಳೆ ಬಾ’ ಎಂದು ಬರೆದಿತ್ತು. ನನ್ನ ವಯಸ್ಸಿನ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೊಡ್ಡಮ್ಮ ದಿನಾ ಸಂಜೆ ದೀಪ ಹಚ್ಚುವ ಮುಂಚೆ, ಮಕ್ಕಳ ಕೈ ತಾಗಿ ಅಳಿಸಿದ ಅಕ್ಷರಗಳ ಮೇಲೆ ಸೀಮೆಸುಣ್ಣದಿಂದ ಮತ್ತೆ ತಿದ್ದುತ್ತಿದ್ದಳು. ಅದಕ್ಕೆ ಓದಲು ಬರುತ್ತದೆಯೇ ಎಂದು ನಾನು ಕೇಳಿದ್ದಕ್ಕೆ, “ಬರೆದದ್ದನ್ನ ಅದು ಮೀರಲ್ಲ” ಎಂದಷ್ಟೇ ಹೇಳಿದಳು. ಇನ್ನೊಂದು ಕಟ್ಟಳೆಯೂ ಇತ್ತು: ರಾತ್ರಿ ಯಾರೇ ಕರೆದರೂ ಮೂರನೆಯ ಸಲ ಕರೆಯುವವರೆಗೆ ಓಗೊಡಬಾರದು. ಅದು ಮನೆಯವರ ದನಿಯಲ್ಲೇ ಕರೆಯುತ್ತದೆ, ಆದರೆ ಮೂರು ಸಲ ಕರೆಯಲಾರದು.

ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾಗಿಲು ಬಡಿದ ಸದ್ದಾಯಿತು. ಚಿಕ್ಕಪ್ಪನ ದನಿ ದೊಡ್ಡಮ್ಮನ ಹೆಸರು ಹಿಡಿದು ಕರೆಯಿತು. ಚಿಕ್ಕಪ್ಪ ಗದ್ದೆಗೆ ನೀರು ಕಟ್ಟಲು ಹೋಗಿದ್ದ. ಪಂಪ್‌ಸೆಟ್ಟಿಗೆ ಕರೆಂಟು ಕೊಡುತ್ತಿದ್ದದ್ದೇ ಸರಿರಾತ್ರಿಯಲ್ಲಿ, ಅವನು ಬರುವುದು ಬೆಳಗಿನ ಜಾವಕ್ಕೆ. ದೊಡ್ಡಮ್ಮ ಎದ್ದು ಕುಳಿತಳು, ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಎರಡನೆಯ ಕರೆ ಬಂತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹೊರಗೆ ಜೀರುಂಡೆಯೂ ಸುಮ್ಮನಾದಂತಿತ್ತು. ದೊಡ್ಡಮ್ಮನ ಅಂಗೈಯಲ್ಲಿ ಸೀಮೆಸುಣ್ಣದ ವಾಸನೆ. ಬಾಗಿಲಾಚೆ ನಿಂತಿರುವುದು ನನ್ನನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದ ಚಿಕ್ಕಪ್ಪನೋ, ಚಿಕ್ಕಪ್ಪನ ದನಿ ಹೊತ್ತು ಬಂದದ್ದೋ ತಿಳಿಯದೆ, ಅವನು ಎನ್ನಬೇಕೋ ಅದು ಎನ್ನಬೇಕೋ ತಿಳಿಯದೆ, ನಾನು ಅವಳ ಕೈಯೊಳಗೇ ಉಸಿರಾಡುತ್ತಿದ್ದೆ. ಮೂರನೆಯ ಕರೆ ಬಂದಾಗ ಅವಳು ಚಿಲಕ ತೆಗೆದಳು. ಮೋಟಾರು ಸುಟ್ಟುಹೋಯಿತೆಂದು ಚಿಕ್ಕಪ್ಪ ಬೇಗ ಬಂದಿದ್ದ, ಮೊಣಕಾಲಿನವರೆಗೆ ಕೆಸರು. ಇಷ್ಟು ಹೊತ್ತು ಬೇಕಾ ಎಂದು ರೇಗಿದ. ನಾನು ಅಂದು ರಾತ್ರಿ ಅವನ ಪಕ್ಕ ಮಲಗಲು ಒಪ್ಪಲಿಲ್ಲ.

ಎರಡನೆಯ ಮತ್ತು ಮೂರನೆಯ ಕರೆಯ ನಡುವಿನ ಆ ಹೊತ್ತಿನ ಭಯವನ್ನು ನಾನು ಮತ್ತೆ ಕಂಡದ್ದು ಹಾಸ್ಟೆಲಿನ ಬತ್ತಿಯ ಬೆಳಕಿನಲ್ಲಿ, ಆ ಕಪ್ತಾನನ ಗೆರೆಯಲ್ಲಿ. ಮೂರನೆಯ ಸಲ ಕಂಡದ್ದು ಈ ಸರಣಿಯ ಮೊದಲ ಕಂತಿನ ಕೊನೆಯಲ್ಲಿ. ಸನ್ಯಾಸಿನಿಯರೆಲ್ಲ ಹತರಾಗಿದ್ದಾರೆ. ಅಗಾಥಾ ಮತ್ತು ಮೀನಾ ಪವಿತ್ರ ರೊಟ್ಟಿಯ ಚೂರುಗಳಿಂದ ಹಾಕಿದ ವೃತ್ತದೊಳಗೆ ಕುಳಿತಿದ್ದಾರೆ. ಹಾರ್ಕರ್ ಬರುತ್ತಾನೆ, ಅದೇ ಮುಖ, ಅದೇ ದನಿ. ಮದುವೆಯಾಗಬೇಕಿದ್ದ ಮೀನಾ ಅವನನ್ನು ಒಳಗೆ ಕರೆಯುತ್ತಾಳೆ. ಆಗ ಆ ಮುಖದ ಚರ್ಮ ಕಳಚಿಕೊಳ್ಳುತ್ತದೆ, ಒಳಗಿಂದ ಡ್ರಾಕುಲಾ ಹೊರಬರುತ್ತಾನೆ. ಬ್ರಿಟನ್ನಿನ ಇಬ್ಬರು ಲೇಖಕರಿಗೆ ನನ್ನ ಅಜ್ಜಿಯ ಊರಿನ ಬಾಗಿಲು ಗೊತ್ತಿರಲು ಸಾಧ್ಯವಿಲ್ಲ. ಆದರೂ ಬೇಕಾದವರ ದನಿಯಲ್ಲಿ ಕರೆಯುವುದೇ ನಿಜವಾದ ಅಪಾಯವೆಂದು ಅವರಿಗೂ ಗೊತ್ತಿತ್ತು.

ಒಂಬತ್ತನೆಯ ಕೋಣೆ

ಎರಡನೆಯ ಕಂತು ಬಹುಪಾಲು ಡಿಮೀಟರ್ ಹಡಗಿನಲ್ಲೇ ನಡೆಯುತ್ತದೆ. ಕಾದಂಬರಿಯಲ್ಲಿ ಕೆಲವೇ ಪುಟಗಳಷ್ಟಿರುವ ಪಯಣವನ್ನು ಒಂದೂವರೆ ಗಂಟೆಗೆ ಹಿಗ್ಗಿಸಿದ್ದಾರೆಂದು ತಿಳಿದಾಗ ನನಗೆ ಆತಂಕವಾಗಿತ್ತು. ದಿನಚರಿಯ ಖಾಲಿ ಜಾಗಗಳಲ್ಲಿ ಅವರು ಜನರನ್ನು ತುಂಬಿದ್ದಾರೆ: ಒಬ್ಬ ಡಚೆಸ್, ಹೊಸದಾಗಿ ಮದುವೆಯಾದವರು, ಭಾರತದಿಂದ ಬಂದ ಡಾಕ್ಟರ್ ಶರ್ಮಾ ಮತ್ತು ಅವರ ಮೂಕ ಮಗಳು ಯಾಮಿನಿ. ಮದುಮಗನ ಹೆಸರು ಲಾರ್ಡ್ ರುತ್ವೆನ್. ಇಂಗ್ಲಿಷಿನಲ್ಲಿ ರಕ್ತಪಿಶಾಚಿಯ ಗದ್ಯಕತೆಗೆ ದಾರಿ ಹಾಕಿದ, 1819ರಲ್ಲಿ ಪ್ರಕಟವಾದ ಪೊಲಿಡೋರಿಯ ಕತೆಯ ಪಿಶಾಚಿಗೂ ಇದೇ ಹೆಸರು. ಬಲ್ಲವರಿಗೆ ಖುಷಿಯಾಗಲೆಂದು ಬರಹಗಾರರು ಇಟ್ಟ ಸಣ್ಣ ಕಾಣಿಕೆ ಅದು.

ಈ ಹಡಗಿನಲ್ಲಿ ಕ್ಲೇಸ್ ಬಾಂಗ್ ಮಾಡಿರುವ ಡ್ರಾಕುಲಾ ಎಲ್ಲರ ಜೊತೆ ಊಟಕ್ಕೆ ಕೂರುತ್ತಾನೆ, ನಗುತ್ತಾನೆ, ಮಾತಿಗೆ ಮಾತು ಕೊಡುತ್ತಾನೆ. ಯಾರ ರಕ್ತ ಕುಡಿಯುತ್ತಾನೋ ಅವರ ಭಾಷೆ, ವಿದ್ಯೆ, ನೆನಪುಗಳು ಅವನಿಗೆ ಬರುತ್ತವೆ. ಕಾದಂಬರಿಯಲ್ಲಿ ಸೀವರ್ಡನ ಹುಚ್ಚಾಸ್ಪತ್ರೆಯ ರೋಗಿ ರೆನ್‌ಫೀಲ್ಡ್ ಬೈಬಲಿನಿಂದ ಎತ್ತಿಕೊಂಡು ಜಪಿಸುವ ‘ರಕ್ತವೇ ಜೀವ’ ಎಂಬ ಮಾತನ್ನು ಸರಣಿ ‘ರಕ್ತವೆಂದರೆ ಬದುಕುಗಳು’ ಎಂದು ತಿರುಗಿಸಿದೆ, ಈ ತಿರುವು ನನಗೆ ಬಹಳ ಹಿಡಿಸಿತು. ಆದರೆ ಅವನು ಇಷ್ಟು ಚೆನ್ನಾಗಿ ಮಾತನಾಡುತ್ತಿರುವಾಗ ಅವನಿಗೆ ಹೆದರುವುದು ಹೇಗೆ? ಕೊಲೆಗಾರ ಯಾರೆಂದು ಹಡಗಿನವರಿಗೆ ಗೊತ್ತಿಲ್ಲ, ನಮಗೆ ಗೊತ್ತಿದೆ. ನಾವು ಅವನ ಪಕ್ಕದಲ್ಲೇ ಕುಳಿತು ಅವನ ಚಾತುರ್ಯವನ್ನು ನೋಡುತ್ತಿರುತ್ತೇವೆ.

ಹಾಗಿದ್ದೂ ಆ ಕಂತಿನಲ್ಲಿ ನನಗೆ ಮೈ ಜುಮ್ಮೆಂದಿತು. ಎರಡನೆಯ ಸಲ ನೋಡುವಾಗ ಗಮನಿಸಿದೆ, ಅದಕ್ಕೆ ಕಾರಣ ಡ್ರಾಕುಲಾ ಅಲ್ಲ, ಒಂಬತ್ತನೆಯ ಕೋಣೆ. ಅದರ ಬಾಗಿಲು ಮುಚ್ಚಿದೆ. ಒಳಗೆ ಕಾಯಿಲೆಯವರು ಯಾರೋ ಇದ್ದಾರೆಂದು ಹೇಳುತ್ತಾರೆ, ಕಂಡವರಿಲ್ಲ. ಈ ಕತೆಯನ್ನೆಲ್ಲ ಡ್ರಾಕುಲಾ ಚದುರಂಗದ ಹಲಗೆಯ ಎದುರು ಕುಳಿತು ಅಗಾಥಾಳಿಗೆ ಹೇಳುತ್ತಿದ್ದಾನೆ. ಕೇಳುತ್ತ ಕೇಳುತ್ತ ಅವಳಿಗೆ ತಾನು ಎಲ್ಲಿ ಕುಳಿತಿದ್ದೇನೆಂಬುದೇ ಅನುಮಾನವಾಗುತ್ತದೆ. ಒಂಬತ್ತನೆಯ ಕೋಣೆಯಲ್ಲಿ ಇರುವುದು ಅವಳೇ. ಚದುರಂಗ, ದೀಪ, ಮಾತು ಎಲ್ಲವೂ ಅವನು ಅವಳ ರಕ್ತ ಹೀರುತ್ತಿರುವಾಗ ಅವಳು ಕಾಣುತ್ತಿರುವ ಕನಸು. ಮೂರು ಕಂತುಗಳಲ್ಲಿ ನನಗೆ ಇದಕ್ಕಿಂತ ದೊಡ್ಡ ದೃಶ್ಯ ಇನ್ನೊಂದಿಲ್ಲ. ಡ್ರಾಕುಲಾನನ್ನು ಪೂರ್ತಿಯಾಗಿ ‘ಅವನು’ ಮಾಡಿಬಿಟ್ಟ ಬರಹಗಾರರು, ಹಡಗಿಗೆ ಒಂದು ‘ಅದು’ ಬೇಕೇ ಬೇಕೆಂದು ಅರಿತು, ಒಂದು ಬಾಗಿಲನ್ನು ಮುಚ್ಚಿಟ್ಟರು.

ಬೆಳಕು ಹೆಚ್ಚಾದ ಕಂತು

ಮುಳುಗಿದ ಹಡಗಿನ ಜೊತೆ ಸಮುದ್ರದ ತಳದಲ್ಲಿ ಮಲಗಿದ್ದ ಡ್ರಾಕುಲಾ ವಿಟ್‌ಬಿಯ ದಡಕ್ಕೆ ನಡೆದು ಬಂದಾಗ 123 ವರ್ಷಗಳು ಕಳೆದಿವೆ, ಹೆಲಿಕಾಪ್ಟರಿನ ದೀಪಗಳು ಅವನ ಮೇಲೆ ಬೀಳುತ್ತವೆ. ಈ ಜಿಗಿತವನ್ನು ಹಲವರು ಒಪ್ಪಲಿಲ್ಲ. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. 1897ರಲ್ಲಿ ಸ್ಟೋಕರನ ಕಾದಂಬರಿಯೂ ತನ್ನ ಕಾಲದ ಟೈಪ್‌ರೈಟರು, ಫೋನೊಗ್ರಾಫು, ರೈಲಿನ ವೇಳಾಪಟ್ಟಿ, ರಕ್ತ ಕೊಡುವ ಹೊಸ ಚಿಕಿತ್ಸೆಗಳಿಂದ ತುಂಬಿತ್ತು. ಆಗಿನ ಓದುಗರಿಗೆ ಅದು ಇವತ್ತಿನ ಕತೆಯೇ ಆಗಿತ್ತು. ಸಾಧಾರಣ ಮನೆಯೊಂದರಲ್ಲಿ ನಿಂತು ಡ್ರಾಕುಲಾ ಅಲ್ಲಿನ ಸೌಕರ್ಯಗಳನ್ನು ಬೆರಗಿನಿಂದ ನೋಡುವ ಮಾತು ಸರಣಿಯ ಒಳ್ಳೆಯ ಬರವಣಿಗೆಗಳಲ್ಲಿ ಒಂದು: ಕೋಟೆಗಳಲ್ಲಿ, ಸಿರಿವಂತರ ನಡುವೆ ಶತಮಾನಗಳನ್ನು ಕಳೆದರೂ ಇಂಥ ವೈಭವವನ್ನು ತಾನು ಕಂಡಿಲ್ಲ ಎನ್ನುತ್ತಾನೆ. ಆ ಮನೆಯಲ್ಲಿ ಇರುವುದು ಫ್ರಿಜ್ಜು, ಟಿವಿ, ನಲ್ಲಿಯ ನೀರು.

ಲೂಸಿಯ ಕತೆಯನ್ನೂ ನಾನು ಮರೆಯಲಾರೆ. ಲಿಡಿಯಾ ವೆಸ್ಟ್ ಮಾಡಿರುವ ಈ ಲೂಸಿಗೆ ಸಾವಿನ ಭಯವಿಲ್ಲ, ಡ್ರಾಕುಲಾ ಅವಳಿಗೆ ಮರುಳಾಗುವುದೇ ಅದಕ್ಕೆ. ಸತ್ತ ಅವಳನ್ನು ಹೂಳುವುದಿಲ್ಲ, ಸುಡುತ್ತಾರೆ. ಚಿತಾಗಾರದ ಪೆಟ್ಟಿಗೆಯೊಳಗೆ ಅವಳಿಗೆ ಎಚ್ಚರವಾಗುತ್ತದೆ. ಆಮೇಲೆ ಅವಳಿಗೆ ಕನ್ನಡಿ ತನ್ನ ಹಳೆಯ ಚೆಲುವನ್ನೇ ತೋರಿಸುತ್ತದೆ, ಫೋನಿನಲ್ಲಿ ತೆಗೆದ ಚಿತ್ರ ಸುಟ್ಟು ಕರಕಲಾದ ಮುಖವನ್ನು ತೋರಿಸುತ್ತದೆ. ಆ ಫೋನಿನ ಪರದೆ ಕಂಡಾಗ ನನಗೆ ಮೀನಾ ಟೈಪ್ ಮಾಡಿದ ಹಾಳೆಗಳು ನೆನಪಾದವು. ಸತ್ಯವನ್ನು ದಾಖಲಿಸುವ ಯಂತ್ರ ಕತೆಯೊಳಗೆ ಮರಳಿ ಬಂದಿತ್ತು.

ಆದರೆ ಈ ಕಂತು ಅಲ್ಲಿಗೆ ನಿಲ್ಲದೆ ನಿಯಮಗಳ ಲೆಕ್ಕ ಚುಕ್ತಾ ಮಾಡಲು ಕೂರುತ್ತದೆ. ಗೇಟಿನ ಬಳಿ ಅಗಾಥಾ ಕೇಳಿದ ‘ಏಕೆ’ಗೆ ಅವಳದೇ ವಂಶದ ಜೊಯಿಯ ಬಾಯಲ್ಲಿ ಉತ್ತರ ಸಿಗುತ್ತದೆ, ಪರದೆ ಬೀಳುತ್ತದೆ, ಬಿಸಿಲು ಬರುತ್ತದೆ. ಅಗಾಥಾಳ ಕುತೂಹಲವನ್ನು ನಾನು ಪ್ರೀತಿಸುತ್ತೇನೆ, ಆ ಪ್ರಶ್ನೆ ಕೇಳುವ ಹಕ್ಕು ಅವಳಿಗಿದೆ. ಕೇಳುವವಳು ಬಾಗಿಲ ಒಳಗೆ ನಿಂತು ಕೇಳಿದಷ್ಟು ಹೊತ್ತೂ ಅದು ನಮ್ಮೆಲ್ಲರ ಪ್ರಶ್ನೆ. ನಾನು ದೊಡ್ಡಮ್ಮನನ್ನು ಕೇಳಿದ್ದೂ ಅದನ್ನೇ. ದೊಡ್ಡಮ್ಮ ಅದರ ನಾಚಿಕೆ ಏನು, ಅದರ ಅಪ್ಪ ಯಾವ ಯುದ್ಧದಲ್ಲಿ ಸತ್ತ ಎಂದೆಲ್ಲ ನನಗೆ ವಿವರಿಸಿದ್ದರೆ, ಎರಡನೆಯ ಕರೆಯ ನಂತರ ನಾನು ಉಸಿರು ಬಿಗಿಹಿಡಿದು ಕುಳಿತಿರುತ್ತಿರಲಿಲ್ಲ, ಆಚೆಯಿದ್ದದ್ದರ ಬಗ್ಗೆ ಮರುಕಪಟ್ಟು ನಿದ್ದೆಹೋಗುತ್ತಿದ್ದೆ.

ಮರುಕವೇ ತಪ್ಪೆಂದು ನಾನು ಹೇಳಲಾರೆ, ಏಕೆಂದರೆ ಕಾದಂಬರಿಯಲ್ಲೂ ಅದಿದೆ. ಡ್ರಾಕುಲಾನಿಂದ ಎಲ್ಲರಿಗಿಂತ ಹೆಚ್ಚು ನೊಂದ ಮೀನಾ, ಅವನನ್ನು ಕೊಲ್ಲಲು ಹೊರಟ ಗಂಡಸರನ್ನು ಕೂರಿಸಿಕೊಂಡು, ಈ ಸಂಕಟವನ್ನೆಲ್ಲ ತಂದವನ ಆತ್ಮವೇ ಎಲ್ಲರಿಗಿಂತ ದುಃಖದ್ದು ಎನ್ನುತ್ತಾಳೆ. ಸರಣಿಯ ಬರಹಗಾರರು ತಮ್ಮ ಕೊನೆಯನ್ನು ಈ ಬೀಜದಿಂದಲೇ ಬೆಳೆಸಿರಬಹುದು ಎಂದು ಮೂರನೆಯ ಸಲ ನೋಡುವಾಗ ನನಗೆ ಅನಿಸಿತು. ಸಾಯುತ್ತಿರುವ ಜೊಯಿಯ ಕಾಯಿಲೆಯ ರಕ್ತವನ್ನು, ತನಗೆ ವಿಷವೆಂದು ಗೊತ್ತಿದ್ದೂ, ಡ್ರಾಕುಲಾ ಕುಡಿಯುತ್ತಾನೆ; ಅವಳಿಗೆ ನೋವಿಲ್ಲದ ಸಾವು ಕೊಟ್ಟು ತಾನೂ ಸಾಯುತ್ತಾನೆ. ದೃಶ್ಯ ನಿಧಾನವಾಗಿ, ಸೂರ್ಯನ ಬೆಂಕಿಯ ಹಿನ್ನೆಲೆಯಲ್ಲಿ, ಬಹಳ ಹೊತ್ತು ನಡೆಯುತ್ತದೆ.

ಅದು ಮುಗಿದ ಮೇಲೆ ನಾನು ಟಿವಿ ಆರಿಸಿ ಕಾದಂಬರಿಯ ಕೊನೆಯ ಅಧ್ಯಾಯ ತೆರೆದೆ. ನವೆಂಬರ್ 6, ಹಿಮ ಬೀಳುತ್ತಿದೆ, ಸೂರ್ಯ ಮುಳುಗುತ್ತಿದ್ದಾನೆ. ಗಾಡಿಯ ಮೇಲಿನ ಪೆಟ್ಟಿಗೆಯ ಮುಚ್ಚಳ ಕಿತ್ತಿದ್ದಾರೆ. ಹಾರ್ಕರನ ಕುಕ್ರಿ ಕುತ್ತಿಗೆಗೆ, ಜೊತೆಗೆ ಬಂದ ಗೆಳೆಯ ಕ್ವಿನ್ಸಿ ಮಾರಿಸನ ಚೂರಿ ಎದೆಗೆ. ಡ್ರಾಕುಲಾ ಒಂದು ಮಾತೂ ಆಡುವುದಿಲ್ಲ. ಉಸಿರೆಳೆದುಕೊಳ್ಳುವಷ್ಟರಲ್ಲಿ ಇಡೀ ಮೈ ಪುಡಿಯಾಗಿ ಕಣ್ಣಿಗೆ ಕಾಣದಂತಾಗುತ್ತದೆ. ಅದನ್ನು ನೋಡಿ ಬರೆದಿಟ್ಟವಳು ಮೀನಾ. ಆ ಮುಖದ ಮೇಲೆ ಅಲ್ಲಿ ಇರಬಹುದೆಂದು ತಾನೆಂದೂ ಊಹಿಸದಿದ್ದ ಶಾಂತಿಯೊಂದು ಕಂಡಿತು, ಅದಕ್ಕಾಗಿ ಬದುಕಿರುವವರೆಗೂ ಸಂತೋಷಪಡುತ್ತೇನೆ ಎಂದು ಬರೆದು, ಮುಂದಿನ ಸಾಲಿನಲ್ಲಿ ಕೆಂಪು ಆಕಾಶದ ಎದುರು ನಿಂತಿರುವ ಕೋಟೆಯ ಕಡೆಗೆ ತಿರುಗುತ್ತಾಳೆ.